70 ಮೀಟರಿಗೆ ಯಾವ ಬಾಣ?

ಪ್ರಶ್ನೆ: ನನ್ನದು 36 ಪೌಂಡಿನ (ಹೆದೆ ಎಳೆಯಲು ಬೇಕಾದ ಬಲ) ರಿಕರ್ವ್ ಬಿಲ್ಲು, ಅಂದರೆ ತುದಿಗಳು ಮುಂದಕ್ಕೆ ಬಾಗಿದ್ದು; 28 ಇಂಚಿನ 1816 ಅಲ್ಯೂಮಿನಿಯಂ ಬಾಣ (ಹೊರವ್ಯಾಸ ಇಂಚಿನ 18/64, ಗೋಡೆಯ ದಪ್ಪ ಇಂಚಿನ 16/1000). 30 ಮೀಟರಿನಲ್ಲಿ ತೊಂದರೆಯಿಲ್ಲ. 70 ಮೀಟರಿಗೆ ಮಾತ್ರ ಸೈಟನ್ನು (ಗುರಿ ಹಿಡಿಯುವ ಸಾಧನ) ಪೂರ್ತಿ ಕೆಳಗಿಳಿಸಿದರೂ ಸಾಲುತ್ತಿಲ್ಲ. ಸಿಗುವುದರಲ್ಲೇ ಅತಿ ಹಗುರವಾದ ಕಾರ್ಬನ್ ಶಾಫ್ಟ್ (ಬಾಣದ ಕೋಲು) ಕೊಂಡರಾಯಿತೇ?

ಉತ್ತರ: ಕಾರ್ಬನ್ ಸರಿ, ‘ಅತಿ ಹಗುರ’ ಬೇಡ. ಲೆಕ್ಕ ಹಾಕಿ ನೋಡಿ. 1816 ಶಾಫ್ಟ್ ಇಂಚಿಗೆ ಸುಮಾರು 9.3 ಗ್ರೇನ್ ತೂಗುತ್ತದೆ (15 ಗ್ರೇನ್ ಎಂದರೆ ಹೆಚ್ಚುಕಡಿಮೆ ಒಂದು ಗ್ರಾಂ). ಪಾಯಿಂಟ್ (ಮೊನೆ), ನಾಕ್ (ಹೆದೆಗೆ ಸಿಕ್ಕಿಸುವ ಹಿಂತುದಿ), ಗರಿ ಸೇರಿದರೆ 360 ಗ್ರೇನಿನ ಆಸುಪಾಸು. ಅಂದರೆ ಬಿಲ್ಲಿನ ಪೌಂಡಿಗೆ 10 ಗ್ರೇನ್. ಇಂಚಿಗೆ 6 ಗ್ರೇನಿನ ಕಾರ್ಬನ್ ಶಾಫ್ಟಿಗೆ 100 ಗ್ರೇನಿನ ಪಾಯಿಂಟ್ ಹಾಕಿದರೆ ನಾಕ್, ಗರಿ ಸೇರಿ ಒಟ್ಟು 290, ಪೌಂಡಿಗೆ 8. ವೇಗ ಹೆಚ್ಚೆಂದರೆ ಶೇ. 11 ಏರುತ್ತದೆ. ನಿಜದಲ್ಲಿ ಇನ್ನೂ ತುಸು ಕಡಿಮೆಯೇ, ಏಕೆಂದರೆ ಭಾರದ ಬಾಣ ಬಿಲ್ಲಿನ ಶಕ್ತಿಯನ್ನು ಹೆಚ್ಚು ಹೀರಿಕೊಳ್ಳುತ್ತದೆ. ಬಾಣ ವೇಗವಾದಷ್ಟೂ ಸೈಟ್ ಇಳಿಸಬೇಕಾದದ್ದು ಕಡಿಮೆ; ನಿಮ್ಮ ಸೈಟ್ ಸಮಸ್ಯೆಗೆ ಸಾಮಾನ್ಯವಾಗಿ ಇಷ್ಟು ಸಾಕು.

ಇನ್ನೂ ಹಗುರ ಮಾಡಲು ಪಾಯಿಂಟ್ ತೂಕ ಇಳಿಸುವವರಿದ್ದಾರೆ. ಆಗ ಮುಂಭಾರ ತಪ್ಪಿ ಗಾಳಿಗೆ ಬಾಣ ಅಲೆಯುತ್ತದೆ. ಪೌಂಡಿಗೆ 5 ಗ್ರೇನಿಗಿಂತ ಕೆಳಗೆ ಹೋದರಂತೂ ಬಾಣವಿಲ್ಲದೆ ಹೆದೆ ಬಿಟ್ಟಂತೆಯೇ. ಪೆಟ್ಟು ಬಿಲ್ಲಿನ ತೋಳುಗಳಿಗೆ.

ತೂಕಕ್ಕಿಂತ ಮೊದಲು ನೋಡಬೇಕಾದದ್ದು ಸ್ಪೈನ್, ಅಂದರೆ ಶಾಫ್ಟ್ ಎಷ್ಟು ಬಾಗುತ್ತದೆ ಎಂಬ ಸಂಖ್ಯೆ. 28 ಇಂಚಿನ ಅಂತರದ ಎರಡು ಆಧಾರಗಳ ಮೇಲೆ ಶಾಫ್ಟ್ ಇಟ್ಟು ನಡುವೆ 880 ಗ್ರಾಂ ತೂಗಿಬಿಟ್ಟಾಗ ಅದು ಇಂಚಿನ ಸಾವಿರದಲ್ಲಿ ಎಷ್ಟು ಭಾಗ ಬಾಗುತ್ತದೋ ಅದೇ ಆ ಸಂಖ್ಯೆ. ಸಂಖ್ಯೆ ಹೆಚ್ಚಿದಷ್ಟೂ ಶಾಫ್ಟ್ ಮೆದು. ನಿಮಗೆ 650–700ರಿಂದ ಆರಂಭಿಸಬಹುದು. ತಯಾರಕರ ಪಟ್ಟಿಯನ್ನೂ ನೋಡಿ. ಪೌಂಡೇಜನ್ನು (ಎಳೆಯುವ ಬಲವನ್ನು) ಬಿಲ್ಲಿನ ಮೇಲೆ ಬರೆದದ್ದರಿಂದ ಓದಬೇಡಿ, ನೀವು ಎಳೆಯುವಷ್ಟಕ್ಕೆ ತಕ್ಕಡಿಯಲ್ಲಿ ಅಳೆಯಿರಿ.

ಬೇಕಾದ ಅಳತೆಗಿಂತ ಒಂದು ಇಂಚು ಉದ್ದವಾಗಿಯೇ ಕತ್ತರಿಸಿ, 20 ಮೀಟರಿನಿಂದ ಗರಿಯಿರುವ ಮೂರು, ಗರಿಯಿಲ್ಲದ ಎರಡು ಬಾಣ ಬಿಡಿ. ಬಲಗೈಯವರಾದರೆ ಗರಿಯಿಲ್ಲದವು ಬಲಕ್ಕೆ ಬಿದ್ದರೆ ಶಾಫ್ಟ್ ಮೆದು: ಕಾಲು ಇಂಚಿನಂತೆ ಕತ್ತರಿಸುತ್ತ ಬನ್ನಿ. ಎಡಕ್ಕೆ ಬಿದ್ದರೆ ಗಡಸು: ಪಾಯಿಂಟ್ ತೂಕ ಏರಿಸಿ. ಮೊದಲೇ ಗಿಡ್ಡ ಮಾಡಿಬಿಟ್ಟರೆ ದಾರಿಯಿಲ್ಲ. ಪೈಪ್ ಕಟರ್ ಕಾರ್ಬನ್ನಿನ ಎಳೆ ಒಡೆಯುತ್ತದೆ. ಉಜ್ಜಿ ಕತ್ತರಿಸುವ ಚಕ್ರ ಬಳಸಿ, ಮಾಸ್ಕ್ ಮರೆಯಬೇಡಿ.

ಅಲ್ಯೂಮಿನಿಯಂ ಕೊಳವೆಗೆ ಕಾರ್ಬನ್ ಸುತ್ತಿದ ದುಬಾರಿ ಬಾಣಗಳೂ ಇವೆ. ತೆಳು ಹಾಗೂ ಭಾರ, ಗಾಳಿಯಲ್ಲಿ ಚೆನ್ನು. 36 ಪೌಂಡಿಗೆ ಆ ಖರ್ಚು ಈಗಲೇ ಬೇಕಿಲ್ಲ.

ಪ್ರಶ್ನೆ: ಕಾರ್ಬನ್ ಬಾಣದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ಅಂಟು ಹಾಕಬಹುದೇ?

ಉತ್ತರ: ಬೇಡ, ಎಸೆಯಿರಿ. ಅಲ್ಯೂಮಿನಿಯಂ ಬಾಗುತ್ತದೆ, ಸ್ವಲ್ಪಮಟ್ಟಿಗೆ ನೆಟ್ಟಗೆ ಮಾಡಲೂ ಬರುತ್ತದೆ. ಬಿರುಕಿನ ಕಾರ್ಬನ್ ಹೆದೆಯ ಒತ್ತಡಕ್ಕೆ ಸಿಡಿದು ಬಿಲ್ಲು ಹಿಡಿದ ಕೈಗೇ ಚುಚ್ಚಿಕೊಳ್ಳಬಹುದು. ಬಾಣ ಗಟ್ಟಿ ವಸ್ತುವಿಗೆ ಬಡಿದಾಗಲೆಲ್ಲ ಎರಡೂ ತುದಿ ಹಿಡಿದು, ಮುಖದಿಂದ ದೂರವಿಟ್ಟು, ನಾಲ್ಕು ದಿಕ್ಕಿಗೂ ಮೆಲ್ಲಗೆ ಬಗ್ಗಿಸಿ, ತಿರುಚಿ. ಚಿಟ್ ಎಂದರೆ ಅದರ ಆಯುಸ್ಸು ಮುಗಿಯಿತು. ಪಾಯಿಂಟ್ ಹಿಂದಿನ ಎರಡು ಇಂಚನ್ನು ಬೆಳಕಿಗೆ ಹಿಡಿದು ನೋಡಿ, ಹೆಚ್ಚಾಗಿ ಬಿರುಕು ಶುರುವಾಗುವುದು ಅಲ್ಲೇ. ಪಾಯಿಂಟ್ ಅಂಟಿಸುವಾಗ ಪಾಯಿಂಟನ್ನಷ್ಟೇ ಕಾಯಿಸಿ; ಶಾಫ್ಟಿಗೆ ಬೆಂಕಿ ತಾಗಿದರೆ ರಾಳ ಸುಟ್ಟು ಆ ತುದಿ ದುರ್ಬಲವಾಗುತ್ತದೆ.