ಹುಳು ಮನೆಯ ವಾರ, ವ್ಯಾನಿನ ಹೊತ್ತು, ಪಕ್ಕದ ಹೊಂಡ
ಓದುಗರ ಪ್ರಶ್ನೆ, ತಜ್ಞರ ಉತ್ತರ

ಎರಡು ಮೂರು ಮಕ್ಕಳಿದ್ದು ಅವರಲ್ಲಿ ಒಬ್ಬರಿಗೆ ಆಟಿಸಂ ಇರುವ ಮನೆಗಳಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ, ರೇಷ್ಮೆ ಮನೆತನ. ಮಗಳಿಗೆ 11 ವರ್ಷ, ದೊಡ್ಡ ಮಗನಿಗೆ 7, ಚಿಕ್ಕವನಿಗೆ 3. ಏಳು ವರ್ಷದವನಿಗೆ ಆಟಿಸಂ. ಬೆಳಿಗ್ಗೆ ಎಂಟಕ್ಕೆ ಸ್ಕೂಲ್ ವ್ಯಾನು ಬರುತ್ತೆ. ಅಷ್ಟರೊಳಗೆ ಇವನ ಕಿರುಚಾಟ, ಚಿಕ್ಕವನ ಅಳು, ಮಗಳಿಗೆ ಅರ್ಧ ಜಡೆ. ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲಂತೂ ಕೇಳಲೇಬೇಡಿ. ಏನು ಮಾಡೋದು?

ಉತ್ತರ: ಕಾರಣದ ಅರ್ಧ ನಿಮ್ಮ ಪತ್ರದಲ್ಲೇ ಇದೆ. ಒಂದು ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚು ಖರ್ಚಾಗುವುದು ನಾಲ್ಕನೇ ಜ್ವರ ಎದ್ದ ಮೇಲಿನ ಏಳೆಂಟು ದಿನಗಳಲ್ಲಿ. ಆಗ ಅಪ್ಪ ತೋಟದಲ್ಲಿ, ಅಮ್ಮ ಹುಳು ಮನೆಯಲ್ಲಿ, ಊಟಕ್ಕೆ ಹೊತ್ತಿಲ್ಲ. ನಿಮಗೆ ಇದು ಪ್ರತಿ ಬೆಳೆಗೂ ಬರುವ ವಾರ. ಅವನಿಗೆ ಯಾರೂ ಹೇಳದೆ ಕೇಳದೆ ಮನೆ ತಲೆಕೆಳಗಾದ ಹಾಗೆ.

ಹಾಗಾಗಿ ಬೆಳೆಯನ್ನು ಅವನ ಕಣ್ಣಿಗೆ ಕಾಣುವಂತೆ ಮಾಡಿ. ಚಾಕಿ ಹುಳು (ಎಳೆಯ ಮರಿಹುಳು) ತಂದ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ಆ ವಾರಕ್ಕೆ ಹಸಿರು ಬಣ್ಣ ಬಳಿಯಿರಿ, ಗೂಡು ಕಟ್ಟಲು ಚಂದ್ರಂಕಿಗೆ (ಬಿದಿರಿನ ತಟ್ಟಿಗೆ) ಹುಳು ಬಿಡುವ ದಿನಕ್ಕೆ ಗೂಡಿನ ಚಿತ್ರ ಅಂಟಿಸಿ. ದಿನಾ ರಾತ್ರಿ ಕ್ಯಾಲೆಂಡರಿನ ಒಂದು ಚೌಕಕ್ಕೆ ಗೀಟು ಹಾಕುವ ಕೆಲಸ ಅವನದೇ. ಹಸಿರು ವಾರದಲ್ಲಿ ಯಾರು ಊಟ ಹಾಕುತ್ತಾರೆ, ಯಾರ ಜೊತೆ ಮಲಗುವುದು ಎಂಬುದಕ್ಕೂ ಫೋಟೊ ಇರಲಿ. ಅಜ್ಜಿ ಊಟ ಹಾಕುವುದಾದರೆ ಹಸಿರು ವಾರ ಶುರುವಾಗುವ ಮೂರು ನಾಲ್ಕು ದಿನ ಮೊದಲೇ ಅಜ್ಜಿ ಕೈಯಿಂದ ಹಾಕಿಸಿ. ಉಳಿದದ್ದೆಲ್ಲ ಏರುಪೇರಾದರೂ ಏಳುವ ಹೊತ್ತು ಮತ್ತು ಮಲಗುವ ಹೊತ್ತು ಅರ್ಧ ಗಂಟೆಗಿಂತ ಹೆಚ್ಚು ಆಚೀಚೆ ಆಗಬಾರದು. ನಿದ್ದೆ ಕೆಟ್ಟರೆ ಮರುದಿನ ಬೆಳಿಗ್ಗೆ ಏನು ಮಾಡಿದರೂ ದಾರಿಗೆ ಬರುವುದಿಲ್ಲ.

ಇನ್ನು ದಿನದ ಬೆಳಗು. ಐದೇ ಐದು ಚಿತ್ರ ಸಾಕು: ಹಲ್ಲುಜ್ಜುವುದು, ಸ್ನಾನ, ಬಟ್ಟೆ, ತಿಂಡಿ, ಚಪ್ಪಲಿ. ಅಂಗಡಿಯ ಚಾರ್ಟು ಬೇಡ. ಅವನದೇ ಬ್ರಶ್ಶು, ನಿಮ್ಮ ಮನೆಯ ಚೊಂಬು, ಅವನ ತಟ್ಟೆಯನ್ನೇ ಮೊಬೈಲಿನಲ್ಲಿ ಫೋಟೊ ತೆಗೆದು ಜೆರಾಕ್ಸ್ ಅಂಗಡಿಯಲ್ಲಿ ಪೋಸ್ಟ್‌ಕಾರ್ಡ್ ಅಳತೆಗೆ ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ. ಹಿಂದೆ ವೆಲ್ಕ್ರೋ ಅಂಟಿಸಿ ಅವನ ಕಣ್ಣಿನ ಮಟ್ಟಕ್ಕೆ ಸಾಲಾಗಿ ಹಚ್ಚಿ. ಒಂದು ಕೆಲಸ ಮುಗಿದ ತಕ್ಷಣ ಆ ಕಾರ್ಡನ್ನು ಅವನೇ ಕಿತ್ತು ಕೆಳಗಿನ ಡಬ್ಬಿಗೆ ಹಾಕಬೇಕು. ಬಹಳ ಮನೆಗಳಲ್ಲಿ ಈ ಉಪಾಯ ಎಡವುವುದು ಇಲ್ಲೇ. ಚಿತ್ರ ಹಚ್ಚುತ್ತಾರೆ, ಕೀಳಿಸುವುದಿಲ್ಲ. ನಾಲ್ಕು ದಿನಕ್ಕೆ ಅದು ಗೋಡೆಯ ಅಲಂಕಾರವಾಗುತ್ತದೆ. ಮೊದಲ ವಾರ ಅವನ ಕೈ ಹಿಡಿದು ಮಾಡಿಸಿ, ಆಮೇಲೆ ಬೆರಳಲ್ಲಿ ತೋರಿಸಿ, ಆಮೇಲೆ ಸುಮ್ಮನೆ ನಿಂತಿರಿ.

ಮಾತು ಕಡಿಮೆ ಮಾಡಿ. ‘ಸ್ನಾನ’ ಎಂದು ಒಮ್ಮೆ ಹೇಳಿ, ಮನಸ್ಸಿನಲ್ಲಿ ಹತ್ತು ಎಣಿಸಿ. ಅಷ್ಟರೊಳಗೆ ನಿಮ್ಮದು ಎರಡು ಸಲ, ಅಜ್ಜಿಯದು ಎರಡು, ಅಕ್ಕನದು ಒಂದು ಕೂಗು ಸೇರಿದರೆ ಪ್ರತಿ ಸಲವೂ ಅವನು ಮೊದಲಿನಿಂದ ಅರ್ಥ ಮಾಡಿಕೊಳ್ಳಬೇಕಾಗುತ್ತದೆ. ಬೆಳಿಗ್ಗೆ ಅವನಿಗೆ ಹೇಳುವವರು ಒಬ್ಬರೇ ಇರಲಿ.

ಕಿರುಚಾಟ ಯಾವ ಕೆಲಸದಲ್ಲಿ ಶುರುವಾಗುತ್ತದೆ ಎಂದು ಒಂದು ವಾರ ಬರೆದಿಡಿ. ಸ್ನಾನದಲ್ಲಾದರೆ ತಲೆ ಮೇಲೆ ಚೊಂಬಿನಿಂದ ನೀರು ಸುರಿಯುವುದೇ ಕಾರಣವಿರಬಹುದು. ಕಾಲು, ಭುಜ, ಬೆನ್ನು ಎಂದು ಕೆಳಗಿನಿಂದ ಮೇಲಕ್ಕೆ ಬನ್ನಿ, ಹತ್ತು ಚೊಂಬು ಎಣಿಸಿ ನಿಲ್ಲಿಸಿ. ತಲೆಸ್ನಾನ ಭಾನುವಾರಕ್ಕಿರಲಿ. ಹಲ್ಲುಜ್ಜುವಾಗಲಾದರೆ ಖಾರದ ಪೇಸ್ಟು ಬಿಟ್ಟು ಪುದೀನ ಇಲ್ಲದ್ದು ತನ್ನಿ. ಬಟ್ಟೆಯಲ್ಲಾದರೆ ಕಾಲರಿನ ಲೇಬಲ್ ಕತ್ತರಿಸಿ. ಹೊಸ ಯೂನಿಫಾರ್ಮನ್ನು ಮೂರು ನಾಲ್ಕು ಸಲ ಒಗೆದ ಮೇಲೆ ಹಾಕಿಸಿ. ವ್ಯಾನಿನ ಹಾರ್ನ್‌ಗೆ ಕಿವಿ ಮುಚ್ಚಿಕೊಳ್ಳುತ್ತಾನಾದರೆ ಡ್ರೈವರಿಗೆ ಮಿಸ್ಡ್ ಕಾಲ್ ಕೊಡಲು ಹೇಳಿ, ದಿನಾ ಒಂದೇ ಸೀಟು ಕೇಳಿ.

ಮೂರೂ ಮಕ್ಕಳನ್ನು ಒಟ್ಟಿಗೆ ಹೊರಡಿಸುವ ಹಟ ಬಿಡಿ. ಇವನನ್ನು 20 ನಿಮಿಷ ಮೊದಲು ಎಬ್ಬಿಸಿ, ಇವನು ತಿಂಡಿಗೆ ಕೂತಾಗ ಮಗಳ ಜಡೆ ಹೆಣೆಯಿರಿ. ಚಿಕ್ಕವನನ್ನು ಅಷ್ಟು ಬೇಗ ಎಬ್ಬಿಸಲೇಬೇಕೆಂದಿಲ್ಲ. ಬೆಳಿಗ್ಗೆ ಮೊಬೈಲ್ ಕೊಟ್ಟು ಸಮಾಧಾನ ಮಾಡುವುದು ಮಾತ್ರ ಬೇಡ. ವ್ಯಾನ್ ಬಂದಾಗ ಅದನ್ನು ಕಿತ್ತುಕೊಳ್ಳಬೇಕಾಗುತ್ತದೆ, ಅಲ್ಲಿಗೆ ಮುಗಿಯಿತು.

ಹುಳು ಮನೆಯ ಬಗ್ಗೆ ಒಂದು ಎಚ್ಚರಿಕೆ. ಬ್ಲೀಚಿಂಗ್ ಪುಡಿ, ಫಾರ್ಮಲಿನ್, ಸುಣ್ಣ, ಹುಳುವಿನ ಹಾಸಿಗೆಗೆ ಎರಚುವ ಸೋಂಕುನಿವಾರಕ ಪುಡಿ ಎಲ್ಲವೂ ಬೀಗದೊಳಗಿರಲಿ. ತಿನ್ನಬಾರದ್ದನ್ನು ಬಾಯಿಗಿಡುವ ಅಭ್ಯಾಸ ಆಟಿಸಂ ಇರುವ ಮಕ್ಕಳಲ್ಲಿ ಏಳು ವರ್ಷಕ್ಕೂ ಉಳಿದಿರಬಹುದು. ಸಂಜೆ ಒಂದೆರಡು ಕೆಜಿ ಸೊಪ್ಪಿನ ಕಟ್ಟು ಹೊತ್ತು ತರುವ ಕೆಲಸ ಕೊಟ್ಟು ನೋಡಿ. ಭಾರ ಹೊರುವುದು, ತಳ್ಳುವುದು ಕೆಲವು ಮಕ್ಕಳನ್ನು ಶಾಂತ ಮಾಡುತ್ತದೆ. ಎಲ್ಲರಿಗೂ ಅಲ್ಲ.

ಪ್ರಶ್ನೆ: ಮಾಲೂರಿನ ಹತ್ತಿರ ತೋಟದ ಮನೆ. ಆರು ವರ್ಷದ ಮಗ ಬಾಗಿಲು ತೆರೆದಿದ್ದರೆ ಸಾಕು, ಓಡಿಬಿಡುತ್ತಾನೆ. ಪಕ್ಕದವರ ಕೃಷಿ ಹೊಂಡ ಇನ್ನೂರು ಮೀಟರ್ ದೂರದಲ್ಲಿದೆ. ಅಣ್ಣನಿಗೆ ನೋಡಿಕೊಳ್ಳಲು ಹೇಳಿದ್ದೇವೆ, ಅವನಿಗೆ ಹತ್ತು ವರ್ಷ.

ಉತ್ತರ: ಉಳಿದ ಪತ್ರಗಳಿಗಿಂತ ಇದು ತುರ್ತಿನದು. ಆಟಿಸಂ ಇರುವ ಮಕ್ಕಳು ಹೀಗೆ ಮನೆಯಿಂದ ಹೊರಟು ಜೀವ ಕಳೆದುಕೊಳ್ಳುವುದು ಹೆಚ್ಚಾಗಿ ನೀರಿನಲ್ಲಿ. ಮಗು ಕಾಣದಿದ್ದರೆ ಮಂಚದ ಕೆಳಗೆ, ಅಟ್ಟದ ಮೇಲೆ ಹುಡುಕುತ್ತಾ ಕೂರಬೇಡಿ. ಒಬ್ಬರು ಮೊದಲು ಹೊಂಡಕ್ಕೆ ಓಡಬೇಕು, ಇನ್ನೊಬ್ಬರು ರಸ್ತೆಗೆ. ಐದು ನಿಮಿಷದಲ್ಲಿ ಸಿಗದಿದ್ದರೆ 112ಕ್ಕೆ ಕರೆ ಮಾಡಿ.

ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡ ಕೆರೆಗಿಂತ ಅಪಾಯಕಾರಿ. ಇಳಿಜಾರಿನ ಹಾಳೆ ಒದ್ದೆಯಾದರೆ ಪಾಚಿಯಂತೆ ಜಾರುತ್ತದೆ, ಈಜು ಬರುವ ದೊಡ್ಡವರಿಗೂ ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ. ಸುತ್ತ ಐದಡಿ ಎತ್ತರಕ್ಕೆ ಜಾಲರಿ ಬೇಕು. ಬರೀ ನಾಲ್ಕು ಎಳೆ ಮುಳ್ಳುತಂತಿಯ ನಡುವೆ ಮಗು ಸಲೀಸಾಗಿ ನುಸುಳುತ್ತದೆ. ಕೃಷಿ ಭಾಗ್ಯದಲ್ಲಿ ತೋಡಿಸಿದ ಹೊಂಡವಾದರೆ ತಂತಿ ಬೇಲಿಯೂ ಆ ಯೋಜನೆಯಲ್ಲೇ ಬರುತ್ತದೆ, ಪಕ್ಕದವರನ್ನು ಕರೆದುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೇಳಿ. ಬೇಲಿಯಾಗುವವರೆಗೂ ಕಾಯದೆ, ನಾಲ್ಕೂ ಬದಿಗೆ ಅಡಿಗೊಂದು ಗಂಟು ಹಾಕಿದ ದಪ್ಪ ಹಗ್ಗವನ್ನು ಗೂಟಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಡಿ. ಗಾಳಿ ತುಂಬಿದ ಒಂದು ಟ್ಯೂಬು ಯಾವಾಗಲೂ ದಡದಲ್ಲಿರಲಿ.

ಮನೆಯ ಬಾಗಿಲಿಗೆ ಅವನ ಕೈಗೆಟುಕದ ಎತ್ತರದಲ್ಲಿ ಇನ್ನೊಂದು ಚಿಲಕ, ಬಾಗಿಲು ಅಲುಗಿದರೆ ಸದ್ದಾಗಲು ಒಂದು ಗೆಜ್ಜೆ ಸರ. ರಾತ್ರಿ ಬೀಗ ಹಾಕಿದರೆ ಬೀಗದ ಕೈ ಎಲ್ಲಿದೆಯೆಂದು ಮನೆಯ ದೊಡ್ಡವರಿಗೆಲ್ಲ ಗೊತ್ತಿರಬೇಕು, ಬೆಂಕಿ ಗಿಂಕಿ ಬಿದ್ದರೆ ಗತಿಯೇನು? ಸ್ಟೀಲ್ ಪಾತ್ರೆಗೆ ಹೆಸರು ಕೊರೆಯುವವರ ಹತ್ತಿರ ಸಣ್ಣ ತಗಡಿನ ಮೇಲೆ ನಿಮ್ಮ ಎರಡು ಫೋನ್ ನಂಬರ್ ಕೊರೆಸಿ ಉಡಿದಾರಕ್ಕೋ ಕೈಬಳೆಗೋ ಪೋಣಿಸಿ. ಕೊರಳಿಗೆ ದಾರ ಬೇಡ, ಎಲ್ಲಾದರೂ ಸಿಕ್ಕಿಕೊಳ್ಳುತ್ತದೆ.

ಅಕ್ಕಪಕ್ಕದ ಮನೆಯವರಿಗೆ ಹೇಳಿಡಿ: ಹಿಂದಿನಿಂದ ಕೂಗಿಕೊಂಡು ಅಟ್ಟಿಸಿಕೊಂಡು ಹೋಗಬಾರದು. ಅವನಿಗದು ಆಟವಾಗಬಹುದು, ಇಲ್ಲವೇ ಹೆದರಿಕೆ. ಎರಡರಲ್ಲೂ ಇನ್ನೂ ಜೋರಾಗಿ ಓಡುತ್ತಾನೆ. ಬಳಸಿಕೊಂಡು ಮುಂದೆ ಬಂದು, ಅವನಿಗಿಷ್ಟದ್ದನ್ನು ತೋರಿಸಿ ನಿಲ್ಲಿಸಬೇಕು.

ಅವನು ಏನನ್ನೋ ಅರಸಿ ಹೋಗುತ್ತಾನೋ, ಯಾವುದರಿಂದಲೋ ತಪ್ಪಿಸಿಕೊಂಡು ಹೋಗುತ್ತಾನೋ ಗಮನಿಸಿ. ಮಿಕ್ಸಿ ಹಾಕಿದಾಗ, ನೆಂಟರು ಬಂದಾಗ ಓಡಿದರೆ ಅದು ಗದ್ದಲದಿಂದ ತಪ್ಪಿಸಿಕೊಳ್ಳುವುದು. ಅವನಿಗೊಂದು ಸದ್ದಿಲ್ಲದ ಮೂಲೆ ಮಾಡಿಕೊಡಿ. ನೀರೇ ಬೇಕೆಂದಾದರೆ ದಿನಾ ಸಂಜೆ ಒಂದೇ ಹೊತ್ತಿಗೆ 20 ನಿಮಿಷ ಟಬ್ಬಿನಲ್ಲಿ ಆಡಿಸಿ. ಒಬ್ಬರು ಪಕ್ಕದಲ್ಲೇ ಕೂತಿರಬೇಕು, ಆಟ ಮುಗಿದ ಮೇಲೆ ಟಬ್ಬು ಬೋರಲು ಹಾಕಬೇಕು.

ಹತ್ತು ವರ್ಷದ ಅಣ್ಣನನ್ನು ಕಾವಲಿಗೆ ಹಾಕಬೇಡಿ. ಅನಾಹುತವಾದರೆ ಆ ಹೊರೆಯನ್ನು ಅವನು ಬದುಕಿಡೀ ಹೊರುತ್ತಾನೆ. ತಮ್ಮ ಹೊರಗೆ ಹೋಗಿದ್ದು ಕಂಡರೆ ಜೋರಾಗಿ ಕೂಗುವುದಷ್ಟೇ ಅವನ ಕೆಲಸ, ನೀರಿಗಿಳಿಯುವುದಲ್ಲ. ಹಬ್ಬ, ಮದುವೆ, ಜಾತ್ರೆಗಳಲ್ಲಿ ‘ಯಾರೋ ನೋಡ್ಕೋತಿದ್ದಾರೆ’ ಎಂದು ಎಲ್ಲರೂ ಅಂದುಕೊಳ್ಳುವುದೇ ದೊಡ್ಡ ಅಪಾಯ. ಒಂದು ಕೆಂಪು ಟವೆಲ್ ಇಟ್ಟುಕೊಳ್ಳಿ. ಹೆಗಲ ಮೇಲೆ ಅದಿರುವವರೇ ಕಾವಲು, ಅರ್ಧ ಗಂಟೆಗೊಮ್ಮೆ ಕೈಯಿಂದ ಕೈಗೆ ಕೊಡಬೇಕು.

ನೀರಿಗೆ ಬಿದ್ದ ಮಗುವನ್ನು ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಅದುಮುವುದು ತಪ್ಪು. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಆಮೇಲೆ 30 ಸಲ ಎದೆ ಒತ್ತುವುದು, ಎರಡು ಉಸಿರು, ಹೀಗೆ 108 ಆಂಬುಲೆನ್ಸ್ ಬರುವವರೆಗೆ. ಇದನ್ನು ಆರೋಗ್ಯ ಸಿಬ್ಬಂದಿಯಿಂದ ಒಮ್ಮೆ ಕೈಯಾರೆ ಕಲಿತಿರಿ.

ಪ್ರಶ್ನೆ: ಬಾಗೇಪಲ್ಲಿಯವರು. ಮನೆಯಲ್ಲಿ ತೆಲುಗು, ಅಂಗನವಾಡಿಯಲ್ಲಿ ಕನ್ನಡ. ನಾಲ್ಕು ವರ್ಷದ ಮಗಳಿಗೆ ಇನ್ನೂ ಮಾತಿಲ್ಲ. ಅಕ್ಕಂದಿರು ಎರಡೂ ಭಾಷೆ ಮಾತಾಡುತ್ತಾರೆ. ಮನೆಯಲ್ಲಿ ತೆಲುಗು ಬಿಡಿ ಎನ್ನುತ್ತಾರೆ, ಬಿಡಬೇಕೇ?

ಉತ್ತರ: ಬೇಡ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಇನ್ನಷ್ಟು ತಡವಾಗುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ತೆಲುಗು ನಿಲ್ಲಿಸಿದರೆ ಅಜ್ಜಿ ತಾತ ಮಾತು ನಿಲ್ಲಿಸಿದ ಹಾಗೆ, ಊಟಕ್ಕೆ ಕೂತ ಮನೆಯಲ್ಲಿ ಮಗಳೊಬ್ಬಳೇ ಹೊರಗಿನವಳು. ನೀವು ಮಾಡಬೇಕಾದ್ದು ಬೇರೆ. ದಿನಬಳಕೆಯ 15 ಪದ ಆರಿಸಿ, ಪ್ರತಿಯೊಂದಕ್ಕೂ ಒಂದೇ ಚಿತ್ರ ಮನೆಯಲ್ಲೂ ಅಂಗನವಾಡಿಯಲ್ಲೂ ಇರಲಿ. ಅದೇ ಚಿತ್ರಕ್ಕೆ ಅಮ್ಮ ‘ನೀಳ್ಳು’ ಅನ್ನಲಿ, ಟೀಚರ್ ‘ನೀರು’ ಅನ್ನಲಿ. ‘ಚಾಲು’, ‘ಸಾಕು’ ಕೂಡ ಹಾಗೇ. ಚಿತ್ರ ಕೊಟ್ಟು ಕೇಳುವುದನ್ನು ಕಲಿತರೆ ಮಾತು ಬರುವುದಿಲ್ಲ ಎಂಬ ಭಯವೂ ಬೇಡ, ಚಿತ್ರ ಮಾತಿಗೆ ಅಡ್ಡಿಯಲ್ಲ. ಇದಕ್ಕೆಲ್ಲ ಮೊದಲು ಕಿವಿ ಪರೀಕ್ಷೆ ಆಗಿದೆಯೇ? ಆಗಿಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ, ಇಲ್ಲವೇ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾಡಿಸಿ. ‘ಟಿವಿ ಸದ್ದಿಗೆ ತಿರುಗುತ್ತಾಳೆ, ಕಿವಿ ಸರಿಯಿದೆ’ ಎಂಬ ಲೆಕ್ಕ ಸಾಲದು.

ಪ್ರಶ್ನೆ: ಕೋಲಾರ. ಏಳನೇ ಕ್ಲಾಸಿನ ಮಗಳ ನೋಟ್ಸನ್ನೆಲ್ಲ ತಮ್ಮ ಹರಿದುಹಾಕಿದ. ‘ಯಾವಾಗ್ಲೂ ನಾನೇ ಯಾಕೆ ಸಹಿಸ್ಕೋಬೇಕು’ ಅಂತ ಎರಡು ದಿನ ಮಾತು ಬಿಟ್ಟಿದ್ದಾಳೆ.

ಉತ್ತರ: ಅವಳು ಕೇಳಿದ್ದು ನ್ಯಾಯವಾಗಿದೆ, ಹಾಗೆಂದು ಅವಳಿಗೆ ಹೇಳಿ. ‘ನೀನು ದೊಡ್ಡವಳು, ಅವನಿಗೆ ತಿಳಿಯಲ್ಲ’ ಎಂಬ ಮಾತನ್ನು ಮನೆಯಲ್ಲಿ ಇನ್ನು ಯಾರೂ ಆಡಬಾರದು. ಹೊಸ ನೋಟ್‌ಬುಕ್ ಅವತ್ತೇ ಬರಬೇಕು, ಹರಿದ ಪಾಠಗಳನ್ನು ಬರೆಯಲು ಅಪ್ಪನೋ ಅಮ್ಮನೋ ಜೊತೆಗೆ ಕೂರಬೇಕು. ಬೀಗವಿರುವ ಒಂದು ಕಪಾಟು ಅವಳಿಗೇ ಬಿಟ್ಟುಕೊಡಿ, ಒಂದು ಕೀಲಿ ಅವಳ ಹತ್ತಿರ.

ತಮ್ಮ ದ್ವೇಷಕ್ಕೆ ಹರಿದಿರಲಾರ. ಕಾಗದ ಹರಿಯುವಾಗಿನ ಸದ್ದು, ಬೆರಳಿಗಾಗುವ ಅನುಭವ ಬಹಳ ಮಕ್ಕಳಿಗೆ ಹಿತ. ಹಳೇ ಪೇಪರಿನ ಬುಟ್ಟಿಯೊಂದನ್ನಿಟ್ಟು ‘ಇಲ್ಲಿ ಹರಿ’ ಎಂದು ತೋರಿಸಿ. ಇವಳು ಓದಲು ಕೂರುವ ಹೊತ್ತಿಗೇ ಆ ಬುಟ್ಟಿ ಹೊರಬರಲಿ. ಹೊಡೆದರೆ ಮಾತ್ರ ನಿಯಮ ಇಬ್ಬರಿಗೂ ಒಂದೇ: ತಕ್ಷಣ ಬೇರೆ ಮಾಡುವುದು, ಮೊದಲು ಪೆಟ್ಟು ತಿಂದವರನ್ನು ನೋಡುವುದು.

ದಿನಕ್ಕೆ 15 ನಿಮಿಷ ಅವಳೊಬ್ಬಳಿಗೆ ಕೊಡಿ. ತಮ್ಮನ ಸುದ್ದಿ, ಮಾರ್ಕ್ಸಿನ ಸುದ್ದಿ ಬೇಡ. ವಾರಾಂತ್ಯದ ಎರಡು ಗಂಟೆಗಿಂತ ಈ ತಪ್ಪದ 15 ನಿಮಿಷಕ್ಕೆ ಬೆಲೆ ಹೆಚ್ಚು. ಗೆಳತಿಯರು ‘ನಿನ್ನ ತಮ್ಮ ಯಾಕೆ ಹಾಗೆ’ ಎಂದರೆ ಹೇಳಲು ಒಂದು ಸಾಲು ಕಲಿಸಿ: ‘ಅವನಿಗೆ ಆಟಿಸಂ, ಸದ್ದು ಜಾಸ್ತಿಯಾದರೆ ಕಿವಿ ಮುಚ್ಚಿಕೊಳ್ತಾನೆ.’ ಹೊಟ್ಟೆನೋವೆಂದು ಪದೇ ಪದೇ ಶಾಲೆ ತಪ್ಪಿಸುವುದು, ನಿದ್ದೆಗೆಡುವುದು, ಅತಿಯಾದ ಒಳ್ಳೆಯತನ, ಇವು ಕಂಡರೆ ಆಪ್ತಸಮಾಲೋಚಕರ ಜೊತೆ ಮಾತಾಡಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಮನೆಯಿಂದಲೇ ಕರೆ ಮಾಡಬಹುದು.

‘ನಮ್ಮ ನಂತರ ನೀನೇ ನೋಡ್ಕೋಬೇಕು’ ಎಂಬ ಮಾತು ಹನ್ನೆರಡರ ಹುಡುಗಿಯ ಕಿವಿಗೆ ಬೀಳದಿರಲಿ. ಅವನಿಗೆ 18 ತುಂಬಿದ ಮೇಲೆ ಕಾನೂನುಬದ್ಧ ಪೋಷಕರ (ಗಾರ್ಡಿಯನ್) ನೇಮಕಕ್ಕೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಯಿದೆ. ಆ ಮಾತು ದೊಡ್ಡವರ ನಡುವೆ ಇರಲಿ.

ಪ್ರಶ್ನೆ: ತುಮಕೂರು. ದೊಡ್ಡವನಿಗೆ ಆಟಿಸಂ. ಕಿರಿಯವನಿಗೆ ಈಗ 14 ತಿಂಗಳು. ಇವನಿಗೂ ಬರುತ್ತದೆಯೇ? ದಡಾರದ ಚುಚ್ಚುಮದ್ದು ಹಾಕಿಸಬೇಡಿ ಎಂದು ನೆಂಟರು ಹೇಳುತ್ತಾರೆ. ದೊಡ್ಡವನ ಅಂಗವೈಕಲ್ಯ ಸರ್ಟಿಫಿಕೇಟು ಇನ್ನೂ ಆಗಿಲ್ಲ.

ಉತ್ತರ: ಅಣ್ಣನಿಗೋ ಅಕ್ಕನಿಗೋ ಆಟಿಸಂ ಇದ್ದರೆ ನಂತರದ ಮಗುವಿಗೆ ಬರುವ ಸಾಧ್ಯತೆ ಸುಮಾರು ಐದರಲ್ಲಿ ಒಂದು. ಅಂದರೆ ಹೆಚ್ಚಿನವರಿಗೆ ಬರುವುದಿಲ್ಲ, ಆದರೂ ಕಣ್ಣಿಟ್ಟಿರಬೇಕು. ಹೆಸರು ಕರೆದರೆ ತಿರುಗುತ್ತಾನೆಯೇ? ಬೇಕಾದ್ದನ್ನು ಬೆರಳಲ್ಲಿ ತೋರಿಸುತ್ತಾನೆಯೇ? ನೀವು ತೋರಿಸಿದ ಕಡೆ ನೋಡುತ್ತಾನೆಯೇ? ಬಂದಿದ್ದ ಮಾತು ನಿಂತುಹೋಗಿದೆಯೇ? ಅನುಮಾನ ಬಂದರೆ ‘ಗಂಡು ಮಕ್ಕಳು ತಡವಾಗಿ ಮಾತಾಡ್ತಾರೆ’ ಎಂದು ಕಾಯದೆ ಜಿಲ್ಲಾ ಆಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ತೋರಿಸಿ. ಅನುಮಾನವಿಲ್ಲದಿದ್ದರೂ 18 ಮತ್ತು 24 ತಿಂಗಳಿಗೆ ಒಮ್ಮೊಮ್ಮೆ ತೋರಿಸಿ.

ಲಸಿಕೆ ತಪ್ಪಿಸಬೇಡಿ. ದಡಾರ ಲಸಿಕೆಗೂ ಆಟಿಸಂಗೂ ಗಂಟು ಹಾಕಿದ 1998ರ ಪ್ರಬಂಧವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿದೆ. ದಡಾರ-ರುಬೆಲ್ಲಾದ ಎರಡನೇ ಡೋಸು 16ರಿಂದ 24 ತಿಂಗಳೊಳಗೆ ಆಗಬೇಕು. ಆಟಿಸಂನ ಲಕ್ಷಣ ಎದ್ದು ಕಾಣುವುದೂ ಅದೇ ವಯಸ್ಸಿನಲ್ಲಿ, ಹಾಗಾಗಿ ಜನ ಎರಡಕ್ಕೂ ನಂಟು ಕಟ್ಟುತ್ತಾರೆ.

ಸರ್ಟಿಫಿಕೇಟಿಗೆ ಯುಡಿಐಡಿ (ಅಂಗವಿಕಲರ ಗುರುತಿನ ಚೀಟಿ) ಜಾಲತಾಣದಲ್ಲಿ ಅರ್ಜಿ ಹಾಕಿ. ಹಳ್ಳಿಯಾದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ತುಂಬಿಕೊಡುತ್ತಾರೆ. ಆಟಿಸಂನ ತೀವ್ರತೆ ಅಳೆಯುವುದು 40 ಅಂಶಗಳ ‘ಇಸಾ’ ಮಾಪನದಲ್ಲಿ. ಅದರಲ್ಲಿ ಮಗನನ್ನು ಗಮನಿಸುವುದರ ಜೊತೆಗೆ ನಿಮ್ಮನ್ನು ಕೇಳುವ ಪ್ರಶ್ನೆಗಳೂ ಇರುತ್ತವೆ. ಅವತ್ತು ಮಗ ತಣ್ಣಗೆ ಕೂತಿದ್ದ ಎಂದು ಕಡಿಮೆ ಅಂಕ ಬೀಳದಂತೆ, ನಿದ್ದೆ, ಊಟ, ಮಾತು, ಕಿರುಚಾಟದ ಬಗ್ಗೆ ಎರಡು ವಾರ ಬರೆದ ಪಟ್ಟಿಯನ್ನೂ ಮೊಬೈಲಿನಲ್ಲಿ ತೆಗೆದ ಒಂದೆರಡು ವಿಡಿಯೊವನ್ನೂ ಒಯ್ಯಿರಿ. ಶೇ 40 ಮತ್ತು ಮೇಲ್ಪಟ್ಟರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೌಲಭ್ಯಗಳು ಸಿಗುತ್ತವೆ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಥೆರಪಿಯ ಖರ್ಚು ವಾಪಸ್ ಬರುತ್ತದೆ, ಆದರೆ ಪ್ರತಿ ಬಿಲ್ಲಿನ ಮೂಲ ಪ್ರತಿ ಬೇಕು. ಥೆರಪಿಗೆ ಹೋದಾಗಲೆಲ್ಲ ಸೀಲು, ಸಹಿ, ತಾರೀಖು ಇರುವ ರಸೀದಿಯನ್ನು ಅಲ್ಲೇ ಕೇಳಿ ಪಡೆಯಿರಿ.