ಬೋರ್ ಮಾಡಿಸಿದ ಚೇತಕ್‌ನಲ್ಲಿ ಗಿರಿಗೆ ಹೋಗಬಹುದಾ?

ಸರ್, ಬೋರ್ ಮಾಡಿಸಿ (ಸವೆದ ಸಿಲಿಂಡರನ್ನು ಒಳಗಿನಿಂದ ಕೊರೆಸಿ) ಹೊಸ ಪಿಸ್ಟನ್ ಹಾಕಿಸಿದ ಹಳೇ ಟೂ-ಸ್ಟ್ರೋಕ್ ಚೇತಕ್ ಸ್ಕೂಟರಿನಲ್ಲಿ ಈ ವಾರವೇ ಮುಳ್ಳಯ್ಯನಗಿರಿಗೆ ಹೋಗಬಹುದಾ ಅಂತ ಕೇಳಿದ್ದೀರಿ. ಬೇಡ, ಹೊಸ ಪಿಸ್ಟನ್ ಮೊದಲು ಸಿಲಿಂಡರಿಗೆ ಹೊಂದಿಕೊಳ್ಳಬೇಕು. ಮೊದಲ 500 ಕಿಲೋಮೀಟರ್ ಬೇಲೂರು ರಸ್ತೆಯಲ್ಲೇ ಓಡಿಸಿ, ಒಬ್ಬರೇ. ಲೀಟರ್ ಪೆಟ್ರೋಲಿಗೆ 20 ಮಿಲಿ ಆಯಿಲ್ ಹಾಕುತ್ತಿದ್ದರೆ ಈಗ 30 ಹಾಕಿ. ಹೊಗೆ ಜಾಸ್ತಿ ಬರುತ್ತದೆ, ಬರಲಿ ಬಿಡಿ. ಒಂದೇ ಸ್ಪೀಡಿನಲ್ಲಿ ಎಳೆಯಬೇಡಿ.

ಏರಿನಲ್ಲಿ ಬಿಸಿಯಾಗುವುದು ಎಲ್ಲರಿಗೂ ಗೊತ್ತು. ಇಳಿಜಾರನ್ನು ಮರೆಯುತ್ತೇವೆ, ಅಲ್ವಾ? ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿದರೆ ಪೆಟ್ರೋಲ್ ಜೊತೆ ಆಯಿಲೂ ಕಮ್ಮಿಯಾಗುತ್ತದೆ, ಇಂಜಿನ್ ಮಾತ್ರ ಜೋರಾಗಿ ತಿರುಗುತ್ತಿರುತ್ತದೆ. ನನ್ನದು ಗಿರಿ ದಾರಿಯ ಕೈಮರದ ಇಳಿಜಾರಿನಲ್ಲಿ ಹಾಗೇ ಸೀಜ್ ಆಯಿತು, ಅಂದರೆ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಂಡಿತು. ಕಿರ್ರ್ ಅಂತ ಸದ್ದು, ಹಿಂದಿನ ಚಕ್ರ ಲಾಕ್. ಬಿಚ್ಚಿದರೆ ಪಿಸ್ಟನ್ ಮೈಮೇಲೆ ಉದ್ದಕ್ಕೂ ಗೀರು. ಇಳಿಯುವಾಗ ಆಗಾಗ ಸ್ವಲ್ಪ ರೇಸ್ ಕೊಡಿ. ಸದ್ದು ಬದಲಾದರೆ ತಕ್ಷಣ ಕ್ಲಚ್ ಹಿಡಿಯಿರಿ.