ಲಿಯೊನಾರ್ಡ್ ಚೆಷೈರ್ ಅವರಿಗೆ ವಿಕ್ಟೋರಿಯಾ ಕ್ರಾಸ್ ಯಾವ ಸಾಹಸಕ್ಕೆ ಸಿಕ್ಕಿತು?

ಒಂದು ಸಾಹಸಕ್ಕಲ್ಲ, ನಾಲ್ಕು ವರ್ಷ ಬಿಡದೆ ತೋರಿದ ಧೈರ್ಯಕ್ಕೆ. ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ಇದು ಸಾಮಾನ್ಯವಾಗಿ ಒಂದೇ ಘಟನೆಗೆ ಸಿಗುವಂಥದ್ದು, ಅದಕ್ಕೇ ಈ ಪ್ರಶ್ನೆ ಏಳುತ್ತದೆ ಅಲ್ವಾ.

ಚೆಷೈರ್ ಎರಡನೇ ಮಹಾಯುದ್ಧದ ಬ್ರಿಟಿಷ್ ಬಾಂಬರ್ ಪೈಲಟ್. ಆಕ್ಸ್‌ಫರ್ಡಿನಲ್ಲಿ ಕಾನೂನು ಓದಿದವರು. 1940ರ ನವೆಂಬರಿನಲ್ಲಿ ಜರ್ಮನಿಯ ಮೇಲೆ ಹಾರುತ್ತಿದ್ದಾಗ ತೋಪಿನ ಗುಂಡು ಬಡಿದು ಅವರ ವಿಟ್‌ಲಿ ಬಾಂಬರ್ ವಿಮಾನದ ಪಕ್ಕವೇ ಕಿತ್ತುಹೋಯಿತು, ಒಳಗೆ ಬೆಂಕಿ ಹತ್ತಿಕೊಂಡಿತು, ಆದರೂ ಅದನ್ನು ಇಂಗ್ಲೆಂಡಿಗೆ ವಾಪಸ್ ತಂದಿಳಿಸಿದರು. ಅದಕ್ಕೆ ಡಿ.ಎಸ್.ಒ. ಎಂಬ ಸೇನಾ ಪದಕ ಬಂತು. ಮುಂದೆ ವಾಯುಪಡೆಯ ಶೌರ್ಯ ಪದಕ ಡಿ.ಎಫ್.ಸಿ., ಜೊತೆಗೆ ಡಿ.ಎಸ್.ಒ.ಗೆ ಎರಡು ಬಾರ್, ಅಂದರೆ ಅದೇ ಪದಕ ಒಟ್ಟು ಮೂರು ಸಲ.

25ನೇ ವಯಸ್ಸಿಗೇ ಗ್ರೂಪ್ ಕ್ಯಾಪ್ಟನ್ ಎಂಬ ಹಿರಿಯ ದರ್ಜೆಗೇರಿದ್ದವರು, ಮತ್ತೆ ಹಾರಬೇಕು ಅಂತ 617ನೇ ಸ್ಕ್ವಾಡ್ರನ್ ಎಂಬ ಬಾಂಬರ್ ತುಕಡಿಗೋಸ್ಕರ ಒಂದು ದರ್ಜೆ ಕೆಳಗಿಳಿದರು.

ನನಗೆ ಪದಕಗಳಿಗಿಂತ ಜಾಸ್ತಿ ದೊಡ್ಡದು ಅನಿಸುವುದು 1944ರ ಫೆಬ್ರವರಿಯ ಲಿಮೋಜ್ ದಾಳಿ. ಫ್ರಾನ್ಸಿನ ಆ ಎಂಜಿನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಫ್ರೆಂಚ್ ಕೆಲಸಗಾರರಿದ್ದರು. ಅವರು ತಪ್ಪಿಸಿಕೊಳ್ಳಲಿ ಅಂತ ಚೆಷೈರ್ ತಮ್ಮ ಲ್ಯಾಂಕಾಸ್ಟರ್ ವಿಮಾನವನ್ನು ತೀರಾ ಕೆಳಗೆ ತಂದು ಛಾವಣಿಯ ಮೇಲೆ ಮತ್ತೆ ಮತ್ತೆ ಹಾರಿಸಿದರು, ಆಮೇಲೆಯೇ ಗುರಿ ತೋರಿಸುವ ಬೆಂಕಿಬಾಂಬ್ ಹಾಕಿದ್ದು. ಶತ್ರು ನೆಲದ ಮೇಲೆ ಹೀಗೆ ಮಾಡೋಕೆ ಎಂಥ ಗುಂಡಿಗೆ ಬೇಕು!

100 ದಾಳಿ ಮುಗಿಸಿದ ಅವರಿಗೆ 1944ರ ಸೆಪ್ಟೆಂಬರಿನಲ್ಲಿ ವಿಕ್ಟೋರಿಯಾ ಕ್ರಾಸ್ ಘೋಷಣೆಯಾಯಿತು. 1945ರಲ್ಲಿ ನಾಗಸಾಕಿಯ ಮೇಲೆ ಅಣುಬಾಂಬ್ ಬಿದ್ದದ್ದನ್ನು ವಿಮಾನದಿಂದಲೇ ಕಂಡರು. 1948ರಿಂದ ಕಾಯಿಲೆಯವರಿಗೆ, ಅಂಗವಿಕಲರಿಗೆ ಮನೆಗಳನ್ನು ತೆರೆದರು. ಬೆಂಗಳೂರಿನ ಚೆಷೈರ್ ಹೋಮ್ ಇವರ ಹೆಸರಿನದೇ.